ಜನಮೇಜಯನು ನಿಲ್ಲಿಸಿದ ಕಾಂತೇಶ

ಬ್ಯಾಡಗಿಯೆಂದೊಡನೆ ಮೆಣಸಿನಕಾಯಿಯ ಕೆಂಬಣ್ಣ ಕಣ್ಣ ಮುಂದೆ ನಿಲ್ಲುವುದು ಸಹಜ. ಆದರೆ ಅದೇ ತಾಲ್ಲೂಕಿನ ಕದರಮಂಡಲಗಿಗೆ ಯಾತ್ರಿಕರನ್ನು ಸೆಳೆಯುವವನು ಕಾಂತೇಶನೆಂಬ ಆಂಜನೇಯ. ವಿಗ್ರಹದ ಕಣ್ಣುಗಳಲ್ಲಿ ಸೂರ್ಯ ಸಾಲಿಗ್ರಾಮಗಳಿವೆಯೆಂದೂ, ಆ ಕಾಂತಿಯಿಂದಲೇ ಸ್ವಾಮಿಗೆ ಈ ನಾಮ ಬಂದಿತೆಂದೂ ಪ್ರತೀತಿ.

ಈ ಮೂರ್ತಿಯನ್ನು ಪ್ರತಿಷ್ಠಿಸಿದವರಾರು? ಪರೀಕ್ಷಿತನ ಮಗನಾದ ಜನಮೇಜಯ ಎಂಬುದು ಜನರ ಉತ್ತರ. ಹಸ್ತಿನಾವತಿಯ ಅರಸನಿಗೂ ಈ ಸೀಮೆಗೂ ಎತ್ತಣಿಂದೆತ್ತ ಸಂಬಂಧವೆಂದು ವಾಚಕರು ಬೆರಗಾಗಬಹುದು. ಆದರೆ ಕನ್ನಡ ನಾಡಿನ ಸ್ಥಳಪುರಾಣಗಳಿಗೆ ಅವನು ಹೊಸಬನಲ್ಲ. ಚಿಕ್ಕಮಗಳೂರಿನ ಬಳಿಯ ಹಿರೇಮಗಳೂರಿನಲ್ಲಿರುವ ಕಲ್ಲಿನ ಕಂಬವು ಅವನ ಸರ್ಪಯಾಗದ ಯೂಪವೆಂದೇ ಪ್ರಸಿದ್ಧವಾಗಿದೆ.

ಶಿವಮೊಗ್ಗ ಸೀಮೆಯಲ್ಲಂತೂ ಅವನ ಹೆಸರಿನ ತಾಮ್ರಪಟಗಳೇ ದೊರೆತವು. ಸೂರ್ಯಗ್ರಹಣದ ಪುಣ್ಯಕಾಲದಲ್ಲಿ ಬ್ರಾಹ್ಮಣರಿಗೆ ಭೂದಾನವಿತ್ತನೆಂಬುದು ಅವುಗಳ ಒಕ್ಕಣೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಖಗೋಳಜ್ಞ ಏರಿ ಆ ಗ್ರಹಣವನ್ನು ಗಣಿಸಿದಾಗ ಬಂದ ದಿನಾಂಕ 1521ನೆಯ ಏಪ್ರಿಲ್ 7. ಅಂದರೆ ಕೃಷ್ಣದೇವರಾಯನ ಆಳ್ವಿಕೆಯ ಕಾಲ! ಈ ಗಣನೆಯನ್ನು ಪಂಡಿತರೆಲ್ಲರೂ ಒಪ್ಪಲಿಲ್ಲವಾದರೂ, ಫ್ಲೀಟ್ ಮೊದಲಾದವರು ಅವು ಕೂಟಶಾಸನಗಳೆಂದು ನಿರ್ಣಯಿಸಿದರು. ದಾನಿಯು ಪುರಾತನನಾದಷ್ಟೂ ಭೂಮಿಯ ಹಕ್ಕು ಭದ್ರವಾಗುವುದೆಂಬ ಲೆಕ್ಕಾಚಾರ ಇದರ ಹಿಂದೆ ಇದ್ದಿರಬೇಕು.

ಕದರಮಂಡಲಗಿಯ ಐತಿಹ್ಯವನ್ನು ಆ ಸಾಲಿಗೆ ಸೇರಿಸುವುದು ನ್ಯಾಯವಲ್ಲ. ತಾಮ್ರಪಟವನ್ನು ಕೊರೆದವನಿಗೆ ಅನ್ಯರನ್ನು ನಂಬಿಸುವ ಉದ್ದೇಶವಿತ್ತು. ಕಥೆ ಹೇಳುವ ಅಜ್ಜಿಗೆ ಅಂತಹ ಉದ್ದೇಶವಿಲ್ಲ. ತನ್ನ ದೇವರು ಎಣಿಕೆಗೆ ಸಿಲುಕದಷ್ಟು ಹಳಬನೆಂದು ಹೇಳಲು ಅವಳಿಗೆ ತಿಳಿದ ಅತಿ ಹಳೆಯ ಹೆಸರು ಜನಮೇಜಯನದು.

ಕೆಲವು ನೆನಪುಗಳಾದರೋ ಇನ್ನೂ ಹತ್ತಿರದವು. ಕನಕದಾಸರು ಮೋಹನತರಂಗಿಣಿಯನ್ನು ಈ ಸನ್ನಿಧಿಯಲ್ಲಿಯೇ ರಚಿಸಿದರೆಂದು ಜನ ಹೇಳುತ್ತಾರೆ. ಅವರ ಆದಿಕೇಶವನ ಕಾಗಿನೆಲೆಯೂ ಇದೇ ತಾಲ್ಲೂಕಿನಲ್ಲಿರುವುದರಿಂದ ಈ ಮಾತು ಕೇಳುವವರಿಗೆ ಅಸಂಭವವೆನಿಸುವುದಿಲ್ಲ.

ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರನ್ನು ಶ್ರಾವಣದಲ್ಲಿ ಒಂದೇ ಹಗಲಿನೊಳಗೆ ದರ್ಶಿಸಿದವರಿಗೆ ಕಾಶಿಯಾತ್ರೆಯ ಫಲವೆಂಬ ನಂಬಿಕೆಯಿದೆ. ಎತ್ತಿನ ಬಂಡಿಯ ದಿನಗಳಲ್ಲಿ ಅದು ಎಷ್ಟು ಜನರಿಗೆ ಸಾಧ್ಯವಾಯಿತೋ! ಇಂದು ಮೋಟಾರು ಏರಿದವರು ಸೂರ್ಯಾಸ್ತಕ್ಕೆ ಮೊದಲೇ ಮೂರನ್ನೂ ಮುಗಿಸಿ ಮನೆ ಸೇರುತ್ತಾರೆ. ಜನಮೇಜಯನ ಕಥೆಯನ್ನು ಮಕ್ಕಳು ದಾರಿಯಲ್ಲಿ ಕೇಳಿದರೆ, ತಾಮ್ರಪಟದ ಕಥೆಯನ್ನೂ ಜೊತೆಗೇ ಹೇಳಬಹುದು. ಅದರಿಂದ ಕಾಂತೇಶನ ಕಣ್ಣಿನ ಕಾಂತಿಯೇನೂ ಕುಂದದು.