ಕಾಯಲಾರದ ಭತ್ತ: ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಚೀಲ ಮತ್ತು ದಾಸ್ತಾನಿನ ಪ್ರಶ್ನೆ

2025-26ನೇ ಸಾಲಿಗೆ ಕೇಂದ್ರ ಸರ್ಕಾರವು ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ ರೂ. 2,369 ಹಾಗೂ 'ಎ' ದರ್ಜೆಯ ಭತ್ತಕ್ಕೆ ರೂ. 2,389 ಬೆಂಬಲ ಬೆಲೆಯನ್ನು ನಿಗದಿಪಡಿಸಿದೆ. ಆದರೆ ಉಡುಪಿ ಜಿಲ್ಲೆಯ ಉತ್ತರದ ಮೂರು ತಾಲ್ಲೂಕುಗಳ ಮಟ್ಟಿಗೆ ಬೆಂಬಲ ಬೆಲೆ ಎಂಬುದು ಬಹುಪಾಲು ಪತ್ರಿಕೆಯಲ್ಲಿ ಓದುವ ಸುದ್ದಿಯಾಗಿಯೇ ಉಳಿದಿದೆ. ಇಲ್ಲಿ ಮುಂಗಾರು ಭತ್ತದ ಕೊಯ್ಲು ಅಕ್ಟೋಬರಿನಲ್ಲಿ ಬಿರುಸುಗೊಂಡು ನವೆಂಬರ್ ವೇಳೆಗೆ ಮುಗಿಯುತ್ತದೆ. ಖರೀದಿ ಕೇಂದ್ರಗಳು ನೋಂದಣಿ ಮುಗಿಸಿ ತೂಕಕ್ಕೆ ಸಿದ್ಧವಾಗುವಾಗ ಸಾಮಾನ್ಯವಾಗಿ ಡಿಸೆಂಬರ್ ಅಥವಾ ಜನವರಿ ಬಂದಿರುತ್ತದೆ. ಅಷ್ಟರೊಳಗೆ ಭತ್ತವು ಗದ್ದೆಯ ಅಂಚಿನಿಂದಲೇ ಲಾರಿ ಏರಿ ಗಿರಣಿ ಸೇರಿಯಾಗಿರುತ್ತದೆ.

ಇದಕ್ಕೆ ಖರೀದಿಯ ವಿಳಂಬವೇ ಕಾರಣವೆಂದು ರೈತರು ಹೇಳುತ್ತಾರೆ. ಆ ದೂರು ನ್ಯಾಯವಾದುದು. ಕರಾವಳಿಯ ಕೊಯ್ಲಿನ ಕಾಲಕ್ಕೆ ಹೊಂದುವಂತೆ ಕೇಂದ್ರಗಳನ್ನು ತೆರೆಯಬೇಕೆಂಬ ಬೇಡಿಕೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ವಿಳಂಬವು ಎಂಟು ಹತ್ತು ವಾರಗಳದ್ದು. ಅಷ್ಟು ಕಾಲ ಭತ್ತವನ್ನು ಕೆಡದಂತೆ ಮನೆಯಲ್ಲಿ ಇರಿಸಿಕೊಳ್ಳುವ ಶಕ್ತಿ ಹಿಂದಿನ ತಲೆಮಾರಿಗೆ ಇತ್ತು, ನಮಗೆ ಇಲ್ಲ. ಈ ಸಂಗತಿ ಚರ್ಚೆಗೆ ಬರುವುದು ಕಡಿಮೆ.

ಬದಲಾವಣೆ ಆರಂಭವಾದದ್ದು ಕಟಾವು ಯಂತ್ರದಿಂದ. ಕೈಯಿಂದ ಕೊಯ್ದ ಕಾಲದಲ್ಲಿ ತೆನೆಯು ಗದ್ದೆಯಲ್ಲಿ ಒಂದೆರಡು ದಿನ ಒಣಗಿ, ಅಂಗಳಕ್ಕೆ ಬಂದು, ಬಡಿದ ಮೇಲೆ ಮತ್ತೆ ಬಿಸಿಲು ಕಾಣುತ್ತಿತ್ತು. ಯಂತ್ರವು ಈ ಎಲ್ಲ ಕೆಲಸವನ್ನು ಒಂದು ಗಂಟೆಯಲ್ಲಿ ಮುಗಿಸುತ್ತದೆ. ಆದರೆ ಕೈಗೆ ಬರುವ ಕಾಳಿನಲ್ಲಿ ಶೇ. 20ರಿಂದ 24ರಷ್ಟು ತೇವಾಂಶ ಉಳಿದಿರುತ್ತದೆ. ಕೂಲಿಯಾಳುಗಳ ಕೊರತೆಯ ಈ ದಿನಗಳಲ್ಲಿ ಯಂತ್ರವನ್ನು ಬಿಡುವಂತಿಲ್ಲ. ಹಾಗಾಗಿ ಅದು ಬಿಟ್ಟುಕೊಟ್ಟ ಒಣಗಿಸುವ ಹಂತವನ್ನು ನಾವೇ ಸೇರಿಸಿಕೊಳ್ಳಬೇಕಾಗಿದೆ.

ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಶೇ. 22 ತೇವಾಂಶದ 100 ಕಿಲೋ ಭತ್ತವನ್ನು ಶೇ. 17ಕ್ಕೆ ಇಳಿಸಿದರೆ ಸುಮಾರು 94 ಕಿಲೋ ಉಳಿಯುತ್ತದೆ. ಬೆಂಬಲ ಬೆಲೆಯಲ್ಲಿ ಅದರ ಮೌಲ್ಯ ಸುಮಾರು ರೂ. 2,226. ಶೇ. 14ಕ್ಕೆ ಇಳಿಸಿದರೆ ಉಳಿಯುವುದು 90.7 ಕಿಲೋ, ಮೌಲ್ಯ ಸುಮಾರು ರೂ. 2,149. ಗಿರಣಿಯವರು ಹಸಿ ಭತ್ತಕ್ಕೆ ಉದಾಹರಣೆಗೆ ರೂ. 1,900 ಕೊಡುವುದಾದರೆ, ಒಣಗಿಸಿ ಕಾದವರಿಗೆ ಸಿಗುವ ಹೆಚ್ಚುವರಿ ಮೊತ್ತ ಕ್ವಿಂಟಾಲಿಗೆ ಸುಮಾರು ರೂ. 250. ಇದರಲ್ಲಿ ಒಣಗಿಸುವ ಕೂಲಿ, ಚೀಲ ಹಾಗೂ ಸಾಗಾಟದ ವೆಚ್ಚವನ್ನು ಕಳೆಯಬೇಕು. ಗಿರಣಿಯ ದರವು ರೂ. 2,149ರ ಆಸುಪಾಸಿನಲ್ಲಿದ್ದರೆ ಅಥವಾ ಅದನ್ನು ಮೀರಿದ್ದರೆ ಗದ್ದೆಯಲ್ಲೇ ಮಾರುವುದು ಜಾಣತನ. ಕೆಂಪು ಕುಚ್ಚಲಕ್ಕಿಯ ತಳಿಗಳಿಗೆ ಬೇಡಿಕೆ ಇರುವ ವರ್ಷ ಹೀಗಾಗುವುದೂ ಉಂಟು. ಕಾಯಲೇಬೇಕೆಂಬುದು ನನ್ನ ವಾದವಲ್ಲ. ಕಾಯುವ ಆಯ್ಕೆಯಾದರೂ ರೈತನ ಕೈಯಲ್ಲಿರಬೇಕು.

ಈ ಲೆಕ್ಕದಲ್ಲಿ ಎರಡು ಅಂಕಿಗಳು ಬಂದವು, 17 ಮತ್ತು 14. ಹೆಚ್ಚಿನ ನಷ್ಟಕ್ಕೆ ಮೂಲ ಇವೆರಡರ ನಡುವಿನ ಗೊಂದಲ. ಖರೀದಿಯ ಗುಣಮಟ್ಟ ನಿಯಮದಂತೆ ಭತ್ತದ ತೇವಾಂಶ ಶೇ. 17ನ್ನು ಮೀರಬಾರದು. ಅದನ್ನು ಕೇಳಿದ ರೈತರು ಶೇ. 17ಕ್ಕೆ ಒಣಗಿಸಿ, ಚೀಲ ತುಂಬಿ, ಹೊಲಿದು ಇರಿಸುತ್ತಾರೆ. ಆದರೆ ಅದು ಖರೀದಿಯ ಮಿತಿ, ಶೇಖರಣೆಯ ಮಿತಿಯಲ್ಲ. ಶೇ. 17ರ ಭತ್ತವು ಮುಚ್ಚಿದ ಚೀಲದಲ್ಲಿ ಉಸಿರಾಡುತ್ತಲೇ ಇರುತ್ತದೆ, ಕಾವು ಏರುತ್ತದೆ, ಬೂಷ್ಟು ಹಿಡಿಯುತ್ತದೆ, ಕಾಳಿನ ಬಣ್ಣ ಕೆಡುತ್ತದೆ. ಎರಡು ತಿಂಗಳ ನಂತರ ಕೇಂದ್ರಕ್ಕೆ ಒಯ್ದಾಗ ತೇವಾಂಶ ಸರಿಯಿದ್ದರೂ ಹಾಳಾದ, ಬಣ್ಣಗೆಟ್ಟ, ಮೊಳೆತ ಹಾಗೂ ಹುಳು ಕೊರೆದ ಕಾಳುಗಳ ಪ್ರಮಾಣವು ಶೇ. 5ರ ಮಿತಿಯನ್ನು ಮೀರಿ ತಿರಸ್ಕೃತವಾಗಬಹುದು. ಶೇ. 14ಕ್ಕೆ ಇಳಿಸುವಾಗ ತೂಕದಲ್ಲಿ ಹೋಗುವ ಸುಮಾರು 77 ರೂಪಾಯಿಯನ್ನು ವಿಮೆಯ ಕಂತೆಂದು ತಿಳಿಯುವುದು ಲೇಸು. ಸರ್ಕಾರವು ಹೆಚ್ಚು ಒಣಗಿದ ಭತ್ತಕ್ಕೆ ಹೆಚ್ಚಿನ ದರ ಕೊಡುವುದಿಲ್ಲ ಎಂಬುದು ಬೇರೆ ಮಾತು. ಕರಾವಳಿಯಂಥ ಪ್ರದೇಶದಲ್ಲಿ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಮೀಟರ್ ಇಲ್ಲದವರು ಉಪ್ಪಿನ ಪರೀಕ್ಷೆ ಮಾಡಬಹುದು. ಒಣಗಿದ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಭತ್ತ ತುಂಬಿ, ಎರಡು ಮೂರು ಚಮಚ ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ, ಮುಚ್ಚಳ ಬಿಗಿದು ಕುಲುಕಬೇಕು. ಹತ್ತು ಹದಿನೈದು ನಿಮಿಷದ ಬಳಿಕ ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ತೇವಾಂಶವು ಶೇ. 15ನ್ನು ಮೀರಿದೆ ಎಂದರ್ಥ; ಇನ್ನೂ ಬಿಸಿಲು ಬೇಕು.

ಇನ್ನು ಚೀಲ. ಆಹಾರ ಧಾನ್ಯಗಳನ್ನು ಸೆಣಬಿನ ಚೀಲದಲ್ಲೇ ತುಂಬಬೇಕೆಂಬುದಕ್ಕೆ 1987ರ ಸೆಣಬು ಪ್ಯಾಕಿಂಗ್ ಕಾಯ್ದೆಯೇ ಆಧಾರ. 2020ರಲ್ಲಿ ಲಾಕ್‌ಡೌನಿನಿಂದ ಸೆಣಬಿನ ಗಿರಣಿಗಳು ಮುಚ್ಚಿದಾಗ ಸರ್ಕಾರವೇ ಪ್ಲಾಸ್ಟಿಕ್ ನೇಯ್ಗೆಯ ಚೀಲಗಳಿಗೆ ಅವಕಾಶ ನೀಡಬೇಕಾಯಿತು. ಖರೀದಿ ಕೇಂದ್ರದ ಗೋಣಿಯ ಪೂರೈಕೆಯನ್ನು ಪ್ರತಿ ವರ್ಷ ಲೆಕ್ಕ ಹಾಕಲಾಗುತ್ತದೆ. ಕೊಯ್ಲಿನ ದಿನ ರೈತನಿಗೆ ಬೇಕಾಗುವ ಚೀಲವಾದರೋ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆತ ಕೊಟ್ಟಿಗೆಯಲ್ಲಿರುವ ಹಳೆಯ ಗೊಬ್ಬರದ ಚೀಲವನ್ನೇ ಕೊಡವಿ ಬಳಸುತ್ತಾನೆ. ಇದು ಎರಡು ವಿಧದಲ್ಲಿ ತಪ್ಪು. ಒಳಗಿನ ಗೊಬ್ಬರದ ಪುಡಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಒಳಪದರವುಳ್ಳ ಚೀಲವಾದರೆ ಭತ್ತದ ಬೆವರು ಹೊರಹೋಗುವುದಿಲ್ಲ. ತಿನ್ನುವ ಧಾನ್ಯಕ್ಕೆ ಗೊಬ್ಬರ, ಸಿಮೆಂಟು, ಕೀಟನಾಶಕದ ಚೀಲಗಳನ್ನು ತೊಳೆದೂ ಬಳಸಬಾರದು.

ನಮ್ಮ ಹಿರಿಯರ ಮುಡಿ ಮತ್ತು ತಿರಿಗಳನ್ನು ಈ ದೃಷ್ಟಿಯಿಂದ ನೋಡಿದರೆ ಅವುಗಳ ಹಿಂದಿನ ವಿಜ್ಞಾನ ತಿಳಿಯುತ್ತದೆ. ಅಂಗಳದ ತಿರಿಯಲ್ಲಿ ಭತ್ತವನ್ನು ಹುಲ್ಲಿನ ಹಗ್ಗದಿಂದ ಸುತ್ತಿ, ನೆಲದಿಂದ ಎತ್ತರಿಸಿ, ಮೇಲೆ ಹುಲ್ಲು ಹೊದೆಸಲಾಗುತ್ತಿತ್ತು. 42 ಸೇರು ಅಕ್ಕಿಯ ಮುಡಿಯನ್ನು ಒಣಹುಲ್ಲಿನಲ್ಲಿ ಬಿಗಿದು, ಬಡಿದು ಗುಂಡಗೆ ಮಾಡಿ ಅಟ್ಟದ ಮೇಲೆ ಇಡಲಾಗುತ್ತಿತ್ತು. ಹುಲ್ಲು ತೇವವನ್ನು ಹೀರಿ ಮರಳಿ ಬಿಡುತ್ತಿತ್ತು. ಒಲೆಯ ಹೊಗೆ ಹುಳುವನ್ನು ದೂರವಿಡುತ್ತಿತ್ತು. ಇಂದು ಯಂತ್ರದಲ್ಲಿ ನಜ್ಜಾದ ಹುಲ್ಲಿನಿಂದ ಹಗ್ಗ ಹೊಸೆಯಲಾಗದು, ಅಟ್ಟದ ಕೆಳಗೆ ಹೊಗೆಯೂ ಇಲ್ಲ. ಮುಡಿ ಕಟ್ಟುವ ಕೈಗಳನ್ನು ಈಗ ಹುಡುಕಬೇಕು. ಹಳೆಯದಕ್ಕೆ ಮರಳಿ ಎಂದು ಹೇಳುವುದು ಸುಲಭ, ಮಾಡುವುದು ಅಸಾಧ್ಯ. ಆದರೆ ಆ ತತ್ತ್ವವನ್ನು ಉಳಿಸಿಕೊಳ್ಳಬಹುದು: ಪೂರ್ತಿ ಒಣಗದ ಧಾನ್ಯಕ್ಕೆ ಉಸಿರಾಡುವ ಹೊದಿಕೆ, ಪೂರ್ತಿ ಒಣಗಿದ ಧಾನ್ಯಕ್ಕೆ ಗಾಳಿಯಾಡದ ಹೊದಿಕೆ. ಇವೆರಡನ್ನು ಅದಲು ಬದಲು ಮಾಡಿದಾಗಲೇ ಭತ್ತ ಕೆಡುವುದು.

ಕರಾವಳಿಯ ಗಾಳಿಯ ಆರ್ದ್ರತೆ ಶೇ. 75ರಷ್ಟಿದ್ದರೆ ಭತ್ತವು ಶೇ. 14ರ ಸುಮಾರಿನಲ್ಲಿ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಚೆನ್ನಾಗಿ ಒಣಗಿಸಿದ ಭತ್ತವೂ ಗೋಣಿಯ ಮೂಲಕ ಮತ್ತೆ ತೇವ ಎಳೆದುಕೊಳ್ಳುತ್ತದೆ. ಆದ್ದರಿಂದ ಜನವರಿಯವರೆಗಿನ ದಾಸ್ತಾನಿಗೆ ಶುದ್ಧವಾದ ಗೋಣಿ ಸಾಕು. ಮಳೆಗಾಲ ದಾಟಿಸಬೇಕಾದ ಮನೆಬಳಕೆಯ ಭತ್ತಕ್ಕೂ ಬಿತ್ತನೆ ಬೀಜಕ್ಕೂ ಗೋಣಿಯೊಳಗೆ ಗಾಳಿಯಾಡದ ಬಹುಪದರದ ಒಳಚೀಲ ಬೇಕು. ಇಂಥ ಚೀಲದಲ್ಲಿ ಹುಳುಗಳೇ ಆಮ್ಲಜನಕವನ್ನು ಮುಗಿಸಿ ಸಾಯುತ್ತವೆ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಅನುಭವದಂತೆ ಬೀಜದ ಮೊಳಕೆ ಶಕ್ತಿ ಆರು ತಿಂಗಳ ಬದಲು ಹನ್ನೆರಡು ತಿಂಗಳು ಉಳಿಯುತ್ತದೆ. ಬೀಜವು ಶೇ. 12ರಿಂದ 13ಕ್ಕೆ ಇಳಿಯದೆ ಒಳಚೀಲವನ್ನು ಬಿಗಿಯಕೂಡದು. ಒಳಚೀಲಕ್ಕೆ ಒಂದೇ ಒಂದು ತೂತಾದರೂ ಅದು ಸಾಮಾನ್ಯ ಪ್ಲಾಸ್ಟಿಕ್ಕಿಗೆ ಸಮ. ಕೊಕ್ಕೆ ಹಾಕಿ ಎಳೆಯಬೇಡಿ.

ಜಾಗವಿಲ್ಲ ಎಂಬ ಮಾತನ್ನೂ ಪರಿಶೀಲಿಸಬೇಕು. 50 ಕಿಲೋ ಅಕ್ಕಿ ಹಿಡಿಯುವ ಗೋಣಿಯಲ್ಲಿ ಭತ್ತ ಸುಮಾರು 40 ಕಿಲೋ ಹಿಡಿಯುತ್ತದೆ. ಎಕರೆಗೆ 18 ಕ್ವಿಂಟಾಲ್ ಬಂದರೆ 45 ಚೀಲ. ಎಂಟು ಅಡಿ ಉದ್ದ, ಆರು ಅಡಿ ಅಗಲದ ಜಾಗದಲ್ಲಿ ಆರು ಸಾಲಿನ ಅಟ್ಟಿಯಾಗಿ ಇದು ನಿಲ್ಲುತ್ತದೆ. ಜಗಲಿಯ ಒಂದು ಮೂಲೆ ಸಾಕು. ಆದರೆ ನೇರವಾಗಿ ನೆಲದ ಮೇಲಲ್ಲ. ಸಿಮೆಂಟು ನೆಲವು ತೇವವನ್ನು ಮೇಲಕ್ಕೆ ಬಿಡುತ್ತದೆ. ಸೌಪರ್ಣಿಕಾ ತೀರದ ನಾವುಂದದಂಥ ತಗ್ಗಿನ ಊರುಗಳಲ್ಲಿ ಹೇಳುವುದೇ ಬೇಡ. ಮರದ ಚೌಕಟ್ಟು ಅಥವಾ ಅಡಿಕೆ ದಬ್ಬೆಯ ಹಾಸು ಹಾಕಿ, ಅದರ ಮೇಲೆ ಚೀಲ ಜೋಡಿಸಿ, ಗೋಡೆಯಿಂದ ಎರಡು ಅಡಿಯಾದರೂ ಅಂತರ ಬಿಡಬೇಕು. ಗೋಡೆಗೆ ಒರಗಿಸಿದ ಸಾಲೇ ಮೊದಲು ಬೂಷ್ಟು ಹಿಡಿಯುವುದು. ಒಂದು ಸಾಲು ಉದ್ದಕ್ಕೆ, ಮುಂದಿನ ಸಾಲು ಅಡ್ಡಕ್ಕೆ ಇಟ್ಟರೆ ಅಟ್ಟಿ ಬಿಗಿಯಾಗುತ್ತದೆ. ಪ್ಲಾಸ್ಟಿಕ್ ಚೀಲಗಳು ಜಾರುತ್ತವೆ. ಕೆಲವು ವರ್ಷಗಳ ಹಿಂದೆ ನಾನು ನೋಡಿದ ಒಂದು ಗೋದಾಮಿನಲ್ಲಿ ಹನ್ನೆರಡು ಸಾಲಿನ ಅಟ್ಟಿಯೊಂದು ಮಧ್ಯಾಹ್ನದ ಊಟದ ಹೊತ್ತಿಗೆ ಕುಸಿದುಬಿದ್ದಿತ್ತು. ಆ ಹೊತ್ತಿಗೆ ಕೆಳಗೆ ಯಾರೂ ಇರಲಿಲ್ಲ ಎಂಬುದಷ್ಟೇ ಸಮಾಧಾನ. ಇಂಥ ಚೀಲಗಳನ್ನು ಆರು ಸಾಲಿಗಿಂತ ಮೇಲೆ ಏರಿಸಬಾರದು.

ಹುಳುವಿಗೆ ಅಂಜಿ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಯೊಳಗಿನ ಚೀಲಗಳ ನಡುವೆ ಇಡುವ ಪರಿಪಾಠ ಕೆಲವೆಡೆ ಇದೆ. ಮನೆಯಲ್ಲಿ ಇದು ಪ್ರಾಣಾಪಾಯಕಾರಿ. ತೇವಕ್ಕೆ ಸೋಕಿದೊಡನೆ ಹೊರಬರುವ ಫಾಸ್ಫೀನ್ ಅನಿಲವು ಮಲಗಿದ್ದವರನ್ನು ಕೊಲ್ಲಬಲ್ಲದು. ಇದರ ಬಳಕೆಯನ್ನು ಕಾನೂನು ಸರ್ಕಾರಿ ಸಂಸ್ಥೆಗಳಿಗೆ ಹಾಗೂ ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಮಾತ್ರ ಮೀಸಲಿಟ್ಟಿದೆ. ವಿಸ್ತರಣಾ ಕಾರ್ಯಕರ್ತರು ಮನೆ ಭೇಟಿಯಲ್ಲಿ ಈ ಒಂದು ಮಾತನ್ನು ಹೇಳದೆ ಹಿಂದಿರುಗಬಾರದು.

2023ರ ಮೇ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟವು ಸಹಕಾರಿ ಕ್ಷೇತ್ರದ ಬೃಹತ್ ಧಾನ್ಯ ಸಂಗ್ರಹಣಾ ಯೋಜನೆಗೆ ಒಪ್ಪಿಗೆ ನೀಡಿತು. ಕೃಷಿ ಮೂಲಸೌಕರ್ಯ ನಿಧಿಯಡಿ ರೂ. 2 ಕೋಟಿವರೆಗಿನ ಸಾಲಕ್ಕೆ ಶೇ. 3ರ ಬಡ್ಡಿ ರಿಯಾಯಿತಿ ಇದೆ. ಈ ತಾಲ್ಲೂಕುಗಳ ಸಹಕಾರಿ ಸಂಘಗಳು ಇದನ್ನು ಬಳಸುವುದಾದರೆ, ಗೋದಾಮಿನ ಚಾವಣಿಗಿಂತ ಮೊದಲು ಒಂದು ಡ್ರೈಯರ್, ಒಂದು ತೇವಾಂಶ ಮಾಪಕ ಹಾಗೂ ಸೆಪ್ಟೆಂಬರಿನಲ್ಲೇ ಬಾಡಿಗೆಗೆ ಸಿಗುವ ಟಾರ್ಪಾಲು ಮತ್ತು ಚೀಲಗಳ ದಾಸ್ತಾನನ್ನು ಯೋಜಿಸಬೇಕು. ಅಕ್ಟೋಬರಿನ ಮಳೆ ಬಿಡುವು ಕೊಡದ ವರ್ಷ ಬಿಸಿಲನ್ನು ನಂಬಿದ ಗೋದಾಮಿಗೆ ಹಸಿ ಭತ್ತವೇ ಬರುತ್ತದೆ.

ಬಿಸಿಲಿದ್ದಾಗ ಟಾರ್ಪಾಲಿನ ಮೇಲೆ ಎರಡು ಅಂಗುಲಕ್ಕಿಂತ ದಪ್ಪವಾಗದಂತೆ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ. ಬೆಳ್ತಿಗೆ ಅಕ್ಕಿಗಾದರೆ ಉರಿ ಬಿಸಿಲು ಬೇಡ, ಕಾಳು ಸೀಳಿ ನುಚ್ಚಾಗುತ್ತದೆ. ಕುಚ್ಚಲಕ್ಕಿಗೆ ಬೇಯಿಸುವಾಗ ಸೀಳು ಕೂಡಿಕೊಳ್ಳುವುದರಿಂದ ಅಷ್ಟು ಚಿಂತೆಯಿಲ್ಲ. ಬಿಸಿಯಾಗಿರುವಾಗ ಚೀಲ ತುಂಬದೆ ನೆರಳಿನಲ್ಲಿ ಆರಿಸಿ. ಗೋಣಿಯಲ್ಲಿಟ್ಟ ಭತ್ತದ ಅಟ್ಟಿಯ ನಡುವಿನ ಚೀಲವೊಂದಕ್ಕೆ ಹದಿನೈದು ದಿನಕ್ಕೊಮ್ಮೆ ಮೊಣಕೈವರೆಗೆ ಕೈ ಹಾಕಿ ನೋಡಿ. ಒಳಗೆ ಬೆಚ್ಚಗೆ ಅನ್ನಿಸಿದರೆ ಅಥವಾ ಹುಳಿವಾಸನೆ ಬಂದರೆ ಅಂದೇ ಅಟ್ಟಿ ಬಿಚ್ಚಿ ಮತ್ತೆ ಒಣಗಿಸಬೇಕು.