ಕಿತ್ತಳೆಯ ರೋಗವೂ ಕಣಜದ ಕೆಲಸವೂ



ಕಾಫಿ ತೋಟದ ನೆರಳಿನಲ್ಲಿ ಹತ್ತಿಪ್ಪತ್ತು ಕಿತ್ತಳೆ ಮರವಿಲ್ಲದ ಸಣ್ಣ ಹಿಡುವಳಿ ಕೊಡಗಿನಲ್ಲಿ ಒಂದು ಕಾಲಕ್ಕೆ ಅಪರೂಪವಾಗಿತ್ತು. ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಎಷ್ಟೋ ಮನೆಗಳ ಖರ್ಚು ತೂಗಿಸಿದ್ದು ಆ ಮರಗಳೇ. ಇಂದು ಆ ಮರಗಳು ವಿರಳವಾಗಿವೆ. ಬೇರು ಕೊಳೆ, ಜಂತುಹುಳು, ಟ್ರಿಸ್ಟೆಜಾ ನಂಜುರೋಗ, ಪೋಷಕಾಂಶಗಳ ಕೊರತೆ ಹೀಗೆ ಕಾರಣಗಳು ಹಲವು. ಅವುಗಳಲ್ಲಿ ಅತ್ಯಂತ ಕಠಿಣವಾದದ್ದು ಗ್ರೀನಿಂಗ್ ರೋಗ. ಈ ರೋಗದ ವಿಷಯದಲ್ಲಿ ನಮ್ಮಲ್ಲಿ ಎರಡು ಪಕ್ಷಗಳಿವೆ. "ತಿಂಗಳಿಗೊಮ್ಮೆ ಔಷಧಿ ಹೊಡೆದರೆ ಸಾಕು" ಎನ್ನುವವರದು ಒಂದು. "ಪ್ರಕೃತಿಯಲ್ಲೇ ಶತ್ರುಕೀಟ ಇದೆ, ಅದೇ ನೋಡಿಕೊಳ್ಳುತ್ತದೆ" ಎನ್ನುವವರದು ಇನ್ನೊಂದು. ಎರಡೂ ಅರ್ಧ ಸತ್ಯ ಎಂಬುದು ನಮ್ಮ ಅಭಿಪ್ರಾಯ.

1966ರಲ್ಲಿ ಆಸ್ಟ್ರೇಲಿಯಾದ ತಜ್ಞೆ ಲಿಲಿಯನ್ ಫ್ರೇಸರ್ ಮತ್ತು ಸಂಗಡಿಗರು, ಭಾರತದ ಕಿತ್ತಳೆ-ಮೂಸಂಬಿ ತೋಟಗಳು ಒಣಗುತ್ತಿರುವುದಕ್ಕೆ ಗ್ರೀನಿಂಗ್ ಮುಖ್ಯ ಕಾರಣವಿರಬೇಕೆಂದು ತಿಳಿಸಿದರು. ಮರುವರ್ಷವೇ ಕಪೂರ್, ರಾವ್ ಮತ್ತು ವಿಶ್ವನಾಥ್ ಎಂಬ ನಮ್ಮ ವಿಜ್ಞಾನಿಗಳು, ಚಿಗುರಿನ ರಸ ಹೀರುವ ಸಿಲ್ಲಾ ಕೀಟವೇ ಈ ರೋಗದ ವಾಹಕವೆಂದು ತೋರಿಸಿದರು. ಆಗ ರೋಗಕ್ಕೆ ವೈರಸ್ ಕಾರಣವೆಂದು ನಂಬಿದ್ದರು. ಆಮೇಲೆ ಅದು ಗಿಡದ ಆಹಾರನಾಳದಲ್ಲಿ ವಾಸಿಸುವ ದುಂಡಾಣು, ಅಂದರೆ ಬ್ಯಾಕ್ಟೀರಿಯಾ, ಎಂದು ಗೊತ್ತಾಯಿತು. ಅದರ ಹೆಸರು ಲಿಬೆರಿಬ್ಯಾಕ್ಟರ್. ರೋಗ ಹಿಡಿದ ಮರವನ್ನು ತೋಟದಲ್ಲಿ ಪೂರ್ತಿ ಗುಣಪಡಿಸುವ ಔಷಧಿ ಇಲ್ಲ.

ಈ ದುಂಡಾಣು ಕೀಟದೊಳಗೆ ಏನು ಮಾಡುತ್ತದೆ ಎಂಬುದನ್ನು ಬೆಳೆಗಾರ ತಿಳಿಯಲೇಬೇಕು. ರಸದೊಡನೆ ಒಳಹೋದ ದುಂಡಾಣು ಕರುಳನ್ನು ದಾಟಿ, ರಕ್ತಕ್ಕೆ ಸೇರಿ, ಕೊನೆಗೆ ಜೊಲ್ಲಿನ ಗ್ರಂಥಿಯನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಆ ಕೀಟ ಕುಳಿತ ಗಿಡಕ್ಕೆಲ್ಲ ಅಪಾಯ. ರೆಕ್ಕೆ ಬಂದ ಮೇಲೆ ರೋಗದ ರಸ ಹೀರಿದ ಕೀಟಕ್ಕಿಂತ, ಮರಿಯಾಗಿದ್ದಾಗಲೇ ಹೀರಿದ ಕೀಟ ರೋಗವನ್ನು ಬಹಳ ಚೆನ್ನಾಗಿ ಹರಡುತ್ತದೆ. ಆದ್ದರಿಂದ ಸರಪಳಿಯನ್ನು ಕತ್ತರಿಸುವುದಿದ್ದರೆ ಮರಿಯ ಹಂತದಲ್ಲೇ, ರೆಕ್ಕೆ ಮೂಡುವ ಮೊದಲೇ ಕತ್ತರಿಸಬೇಕು.

ಕಣಜ ಕೆಲಸ ಮಾಡುವುದು ಸರಿಯಾಗಿ ಅಲ್ಲಿಯೇ. ಟಮರಿಕ್ಸಿಯಾ ಎಂಬ ಈ ಕಪ್ಪು ಕಣಜ ಸುಮಾರು ಒಂದು ಮಿಲಿಮೀಟರ್ ಉದ್ದ. ಅದನ್ನು ಮೊದಲು ವರ್ಣಿಸಿದ್ದು 1922ರಲ್ಲಿ, ಅವಿಭಜಿತ ಪಂಜಾಬಿನ ಲಯಾಲ್‌ಪುರದ ಮಾದರಿಗಳಿಂದ. ಇದು ಬೆಳೆದ ಮರಿಯ ಹೊಟ್ಟೆಯಡಿಯಲ್ಲಿ ಮೊಟ್ಟೆ ಇಡುತ್ತದೆ. ಹುಳು ಹೊರಗಿನಿಂದಲೇ ಮರಿಯ ರಕ್ತ ಹೀರಿ, ಅದನ್ನು ಬರಿಯ ಚಿಪ್ಪು ಮಾಡಿಬಿಡುತ್ತದೆ. ತಾಯಿ ಕಣಜ ತನ್ನ ಹಸಿವಿಗೂ ಎಳೆಮರಿಗಳನ್ನು ಚುಚ್ಚಿ ಕೊಲ್ಲುತ್ತದೆ. 1975ರಲ್ಲಿ ವರ್ಣಿತವಾದ, ಅಲಿಗಢದ ಹೆಸರನ್ನೇ ಹೊತ್ತ ಇನ್ನೊಂದು ಕಣಜದ ಹುಳುವಾದರೋ ಮರಿಯ ಒಡಲೊಳಗೇ ಬೆಳೆಯುತ್ತದೆ. ಒಂದೇ ಪುಟ್ಟ ದೇಹದಲ್ಲಿ ದುಂಡಾಣು ಒಂದು ಕಡೆ, ಕಣಜದ ಹುಳು ಇನ್ನೊಂದು ಕಡೆ. ಕಣಜ ಗೆದ್ದರೆ ಕೀಟಕ್ಕೆ ರೆಕ್ಕೆ ಬರುವುದಿಲ್ಲ. ಅದರೊಳಗಿನ ದುಂಡಾಣು ಬೇರೆ ಮರ ಸೇರುವುದೂ ಇಲ್ಲ. ಕಣಜ ಗಿಡದ ರಸ ಹೀರುವ ಜೀವಿಯಲ್ಲ, ಆದ್ದರಿಂದ ಅದರಿಂದ ರೋಗ ಹರಡೀತೆಂಬ ಭಯ ಬೇಡ.

ಇನ್ನೊಂದು ಸ್ವಾರಸ್ಯವಿದೆ. ರೋಗ ತಗಲಿದ ಗಿಡ, ನೋವಿನ ಮುಲಾಮಿಗೆ ವಾಸನೆ ಕೊಡುವ ಮೀಥೈಲ್ ಸ್ಯಾಲಿಸಿಲೇಟ್ ಎಂಬ ವಸ್ತುವನ್ನು ಹೆಚ್ಚಾಗಿ ಹೊರಬಿಡುತ್ತದೆ. ಆ ವಾಸನೆಗೆ ಸಿಲ್ಲಾ ಕೀಟ ಬರುತ್ತದೆ, ರಸ ಹೀರುತ್ತದೆ, ರುಚಿಸದೆ ಆರೋಗ್ಯವಂತ ಗಿಡಕ್ಕೆ ಹಾರುತ್ತದೆ ಎಂದು ಫ್ಲಾರಿಡಾದ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಅದೇ ವಾಸನೆ ಟಮರಿಕ್ಸಿಯಾ ಕಣಜವನ್ನೂ ಸೆಳೆಯುತ್ತದೆಂದು 2014ರಲ್ಲಿ ತೋರಿಸಿದರು. ಅಂದರೆ ರೋಗದ ಗಿಡ ಕಳ್ಳನನ್ನೂ ಕರೆಯುತ್ತದೆ, ಕಾವಲುಗಾರನನ್ನೂ ಕರೆಯುತ್ತದೆ. ಹಳದಿಯಾದ ಮರ ಕಂಡೊಡನೆ ಕೈಗೆ ಸಿಕ್ಕಿದ ವಿಷ ಸಿಂಪಡಿಸಿದರೆ ಕಾವಲುಗಾರನೂ ಸಾಯುತ್ತಾನೆ. ಕಾಫಿಯ ಹಿಟ್ಟುತಿಗಣೆಯ ಮೇಲೆ ಬಿಡಲು 1983ರಲ್ಲಿ ಟ್ರಿನಿಡಾಡ್‌ನಿಂದ ತರಿಸಿದ ಲೆಪ್ಟೊಮ್ಯಾಸ್ಟಿಕ್ಸ್ ಕಣಜಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಹಾಗೆಂದು ಕಣಜವೊಂದನ್ನೇ ನಂಬಿ ಕೈಕಟ್ಟಿ ಕೂರಲೂ ಆಗದು. ಭಾರತದಿಂದ 1978ರಲ್ಲಿ ಒಯ್ದ ಟಮರಿಕ್ಸಿಯಾ ರಿಯೂನಿಯನ್ ದ್ವೀಪದಲ್ಲಿ ಸಿಲ್ಲಾ ಕೀಟವನ್ನು ಚೆನ್ನಾಗಿ ಹತೋಟಿಗೆ ತಂದಿತು. ಫ್ಲಾರಿಡಾದಲ್ಲೂ ಅದೇ ಕಣಜವನ್ನು ಬಿಟ್ಟಿದ್ದರು. ಆದರೂ 2005ರಲ್ಲಿ ರೋಗ ಕಾಣಿಸಿಕೊಂಡ ಮೇಲೆ ಅಲ್ಲಿನ ಉದ್ಯಮ ಕುಸಿಯಿತು. 2003-04ರಲ್ಲಿ 24 ಕೋಟಿ ಪೆಟ್ಟಿಗೆಗೂ ಮೀರಿದ್ದ ಕಿತ್ತಳೆ ಫಸಲು 2023-24ರಲ್ಲಿ 2 ಕೋಟಿ ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ಕಣಜ ಕೀಟದ ಸಂಖ್ಯೆಯನ್ನು ತಗ್ಗಿಸುತ್ತದೆ, ಆಗಲೇ ಸೋಂಕಿದ ಮರವನ್ನು ಗುಣ ಮಾಡದು. ತೋಟದಲ್ಲಿ ರೋಗದ ಮರ ನಿಂತಿರುವ ತನಕ ತಪ್ಪಿಸಿಕೊಂಡ ಕೆಲವೇ ಕೀಟಗಳು ಸಾಕು.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ರೋಗವನ್ನು ಗುರುತಿಸೋಣ. ಸತುವಿನ ಕೊರತೆಯಲ್ಲಿ ಎಲೆಯ ನಡುನರದ ಎರಡೂ ಕಡೆ ಹಳದಿ ಒಂದೇ ತೆರನಾಗಿರುತ್ತದೆ. ಗ್ರೀನಿಂಗ್‌ನಲ್ಲಿ ಒಂದು ಕಡೆಯಂತೆ ಇನ್ನೊಂದು ಕಡೆ ಇರುವುದಿಲ್ಲ, ಹಣ್ಣು ಚಿಕ್ಕದಾಗಿ, ಓರೆಯಾಗಿ, ತುದಿ ಹಸಿರಾಗಿಯೇ ಉಳಿಯುತ್ತದೆ. ಅನುಮಾನ ಬಂದರೆ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದವರನ್ನು ಕೇಳಿ. ಎರಡನೆಯದಾಗಿ, ತಾರೀಖು ನೋಡಿ ಸಿಂಪಡಿಸುವುದನ್ನು ಬಿಟ್ಟು ಚಿಗುರು ನೋಡಿ ತೀರ್ಮಾನಿಸೋಣ. ಭೂತಗನ್ನಡಿಯಲ್ಲಿ ಎಲೆಗೆ ಅಂಟಿದ ಕಂದು ಚಿಪ್ಪುಗಳು, ಅವುಗಳಲ್ಲಿ ದುಂಡನೆಯ ರಂಧ್ರ ಕಂಡರೆ ಕಣಜ ಕೆಲಸದಲ್ಲಿದೆ ಎಂದರ್ಥ. ಮೂರನೆಯದಾಗಿ, ಇರುವೆಗಳನ್ನು ಮರ ಹತ್ತಲು ಬಿಡಬಾರದು. ಸಿಹಿ ಅಂಟಿನ ಆಸೆಗೆ ಅವು ಕಣಜವನ್ನು ಓಡಿಸುತ್ತವೆ.

ಹಿತ್ತಲಿನ ಗಿಡಗಳ ಮೇಲೂ ಕಣ್ಣಿರಲಿ. ಬೇಲಿಗೆ ಬೆಳೆಸುವ ಬಿಳಿ ಹೂವಿನ ಕಾಡುಕರಿಬೇವು ಕೀಟಕ್ಕೂ ದುಂಡಾಣುವಿಗೂ ಆಶ್ರಯ ಕೊಡಬಲ್ಲದು. ಅಡಿಗೆಯ ಕರಿಬೇವಿನಲ್ಲೂ ಸಿಲ್ಲಾ ಕೀಟ ಬೆಳೆಯುತ್ತದೆ. ಆದರೆ ಬ್ರೆಜಿಲ್‌ನಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ದುಂಡಾಣು ಅದರೊಳಗೆ ನೆಲೆಯೂರಲಿಲ್ಲ. ಹೀಗಾಗಿ ರೋಗವಿಲ್ಲದ ಕೀಟ ಸಾಕಿ, ಅದರ ಮೇಲೆ ಕಣಜ ಬೆಳೆಸಲು ಕರಿಬೇವು ಒಳ್ಳೆಯ ಗಿಡ. ಕಾಫಿ ಕಾಣದ ಗದಗ ಸೀಮೆಯ ಅಂತೂರ-ಬೆಂತೂರಿನ ಕಡೆಯ ಹಿತ್ತಲುಗಳಲ್ಲೂ ಸಿಗುವ ಗಿಡ ಅದು. ನಮಗೆ ಕಷ್ಟವೇನಲ್ಲ.

ಕಷ್ಟವಿರುವುದು ಮರ ಕಡಿಯುವುದರಲ್ಲಿ. ಅರ್ಧ ಫಸಲು ಕೊಡುತ್ತಿರುವ ಮರಕ್ಕೆ ಕೊಡಲಿ ಹಾಕೆಂದು ಎರಡೆಕರೆಯವನಿಗೆ ಹೇಳುವುದು ಸುಲಭ. ನಷ್ಟ ಅವನದು, ಲಾಭ ಸುತ್ತಲಿನ ಹತ್ತು ಜನರದು. ಈ ಲೆಕ್ಕ ಸರಿಯಾಗುವುದು ಸಹಕಾರದಿಂದ ಮಾತ್ರ. ಕಡಿದ ಮರವೊಂದಕ್ಕೆ, ಕೀಟ ನುಗ್ಗದ ಬಲೆಮನೆಯಲ್ಲಿ ಬೆಳೆಸಿದ ಶುದ್ಧ ಸಸಿಯನ್ನೂ ಫಸಲು ಬರುವ ತನಕ ಅಷ್ಟಿಷ್ಟು ನೆರವನ್ನೂ ಸಂಘ ಕೊಡಲಿ. ಪಾಳುಬಿದ್ದ ತೋಟ, ಮನೆಯಂಗಳಗಳಲ್ಲಿ ಸಿಂಪರಣೆ ಸಾಧ್ಯವಿಲ್ಲ. ಬ್ರೆಜಿಲ್‌ನಲ್ಲಿ ಅಂಥ ಕಡೆಗಳಿಗೇ ಕಣಜ ಸಾಕಿ ಬಿಡುತ್ತಾರೆ. ನಮ್ಮ ಸಂಘಗಳೂ ಸಂಶೋಧನಾ ಕೇಂದ್ರಗಳ ಸಹಾಯದಿಂದ ಅದನ್ನು ಮಾಡಬಹುದು.

ಅಡಿಕೆಯವರು ಇದು ತಮಗೆ ಸಂಬಂಧವಿಲ್ಲವೆಂದು ಪುಟ ಮಗುಚದಿರಲಿ. ಹಳದಿ ಎಲೆ ರೋಗವೂ ಫೈಟೊಪ್ಲಾಸ್ಮಾ ಎಂಬ, ಕೋಶಭಿತ್ತಿಯಿಲ್ಲದ ದುಂಡಾಣುವಿನದೇ. ಅದನ್ನು ಹೊತ್ತು ತಿರುಗುವುದೂ ರಸ ಹೀರುವ ಜಿಗಿಹುಳುವೇ. ಅಲ್ಲಿಯೂ ಒಬ್ಬನ ತೋಟದ ನಿರ್ಲಕ್ಷ್ಯ ಇನ್ನೊಬ್ಬನ ತೋಟದ ರೋಗ. ಕೀಟಕ್ಕೆ ಸರ್ವೆ ಕಲ್ಲು ಗೊತ್ತಿಲ್ಲ. ಬರುವ ಮಹಾಸಭೆಯಲ್ಲಿ ಬಲೆಮನೆ ಮತ್ತು ಪರಿಹಾರ ನಿಧಿಯ ವಿಷಯವನ್ನು ಸದಸ್ಯರು ಎತ್ತಬೇಕು, ಚರ್ಚಿಸಿ ನಿರ್ಣಯ ಮಾಡಬೇಕು ಎಂದು ಕೋರುತ್ತೇವೆ.