ವಿದ್ಯುತ್ತಿನ ಬಿಲ್ಲು: ಭಾರ ಯಾರ ಹೆಗಲಿಗೆ?



ನಮ್ಮ ಕೂಟಗಳಲ್ಲಿ ವಿದ್ಯುತ್ತಿನ ಮಾತು ಬಂದಾಗಲೆಲ್ಲ ಒಂದೇ ಪಲ್ಲವಿ: "ಊರಿನಲ್ಲಿ 200 ಯೂನಿಟ್‌ವರೆಗೆ ಉಚಿತ, ಜರ್ಮನಿಯಲ್ಲಿ ಹಗಲು ದರೋಡೆ." ಈ ಮಾತಿನಲ್ಲಿ ಸಿಟ್ಟಿದೆ, ವಿವೇಚನೆಯಿಲ್ಲ. ರೋಗದ ಮೂಲವನ್ನರಿಯದೆ ಔಷಧ ಬರೆಯುವುದು ವೈದ್ಯಧರ್ಮವಲ್ಲ.

ದರವನ್ನು ಉತ್ಪಾದನಾ ವೆಚ್ಚವೊಂದೇ ನಿರ್ಧರಿಸುವುದಿಲ್ಲ. ಆ ವೆಚ್ಚವನ್ನು ಯಾರು ಹೊರಬೇಕೆಂಬ ಸರ್ಕಾರದ ತೀರ್ಮಾನವೂ ಅದರಲ್ಲಿ ಅಡಗಿದೆ. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಗೃಹಜ್ಯೋತಿಯ ವಿದ್ಯುತ್ತೂ ಪುಕ್ಕಟೆಯಾಗಿ ಹುಟ್ಟುವುದಿಲ್ಲ. ಅದರ ಹಣವನ್ನು ರಾಜ್ಯದ ಬೊಕ್ಕಸ ತೆರುತ್ತದೆ. ಹಂಗೇರಿಯಲ್ಲಿ ಮನೆಗಳ ದರವನ್ನು ಸರ್ಕಾರವೇ ಕಟ್ಟಿಹಾಕಿದೆ. ಜರ್ಮನಿಯ ಮನೆಗಳಾದರೋ ಯೂನಿಟ್ಟಿಗೆ ಸುಮಾರು 40 ಸೆಂಟ್ ತೆರುತ್ತವೆ. ಅದರಲ್ಲಿ ಅರ್ಧಕ್ಕೂ ಹೆಚ್ಚು ಪಾಲು ವಿದ್ಯುತ್ತಿನ ಬೆಲೆಯಲ್ಲ, ವಿತರಣಾ ಜಾಲದ ಶುಲ್ಕ ಹಾಗೂ ತೆರಿಗೆಗಳು.

ನನ್ನ ಆಕ್ಷೇಪವಿರುವುದು ಇಲ್ಲಿಯೇ. ವಿದ್ಯುತ್ ತೆರಿಗೆ ಮನೆಗಳಿಗೆ ಯೂನಿಟ್ಟಿಗೆ 2.05 ಸೆಂಟ್, ತಯಾರಿಕಾ ಉದ್ಯಮಗಳಿಗೆ 2024ರಿಂದ ಕೇವಲ 0.05 ಸೆಂಟ್. ಮನೆಯವರು ಈ ತೆರಿಗೆಯ ಮೇಲೂ ಶೇ. 19ರಷ್ಟು ಮೌಲ್ಯವರ್ಧಿತ ತೆರಿಗೆ ಕಟ್ಟುತ್ತಾರೆ. 2025ರ ಸಮ್ಮಿಶ್ರ ಸರ್ಕಾರ ತನ್ನ ಒಪ್ಪಂದದಲ್ಲಿ ಎಲ್ಲರಿಗೂ ಇಳಿಸುವ ವಾಗ್ದಾನವಿತ್ತಿತು. ಬಳಿಕ ಬೊಕ್ಕಸದ ನೆಪವೊಡ್ಡಿ ರಿಯಾಯಿತಿಯನ್ನು ತಯಾರಿಕಾ ಉದ್ಯಮ ಮತ್ತು ಕೃಷಿ, ಅರಣ್ಯ ವಲಯಗಳಿಗಷ್ಟೇ ಉಳಿಸಿತು. ಮನೆಗಳಂತೆಯೇ ಹೋಟೆಲು, ಅಂಗಡಿ, ಚಿಕಿತ್ಸಾಲಯಗಳೂ ಹೊರಗುಳಿದವು.

"ಕಾರ್ಖಾನೆಗಳು ಮುಚ್ಚಿದರೆ ನಮ್ಮವರ ಉದ್ಯೋಗವೇ ಹೋಗುವುದಲ್ಲವೇ?" ಎಂಬ ವಾದವುಂಟು. ಕಾರ್ಖಾನೆಗಳಿಗೆ ಕೊಟ್ಟಿದ್ದನ್ನು ಕಸಿಯಿರೆಂದು ನಾನು ಹೇಳುತ್ತಿಲ್ಲ. ಕೊಟ್ಟ ಮಾತನ್ನು ಮನೆಗಳಿಗೂ ನಡೆಸಿರೆನ್ನುತ್ತೇನೆ. ವರ್ಷಕ್ಕೆ 3,500 ಯೂನಿಟ್ ಬಳಸುವ ಕುಟುಂಬಕ್ಕೆ ಇದು ಸುಮಾರು 80 ಯೂರೋಗಳ ಪ್ರಶ್ನೆ. ಅನುಕೂಲಸ್ಥರಿಗೆ ಅದು ಅಲ್ಪವಾಗಿ ಕಂಡೀತು. ಚಳಿಗಾಲದಲ್ಲಿ ಹೀಟರ್ ಹಚ್ಚಲು ಹಿಂಜರಿಯುವ ವೃದ್ಧರಿಗೆ ಅಲ್ಪವಲ್ಲ. ಕೊಠಡಿಯ ಉಷ್ಣತೆ 18 ಡಿಗ್ರಿಗಿಂತ ಇಳಿಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ತಣ್ಣನೆಯ ಮನೆ ಹೃದಯಕ್ಕೂ ಶ್ವಾಸಕೋಶಕ್ಕೂ ಶತ್ರು. ಅನಿಲ ಬಿಟ್ಟು ಹೀಟ್ ಪಂಪಿಗೆ ಬನ್ನಿರೆಂದು ಕರೆಯುವ ಸರ್ಕಾರವೇ ವಿದ್ಯುತ್ತಿನ ಮೇಲೆ ತೆರಿಗೆಯ ಹೊರೆ ಹೇರುವುದು ಯಾವ ನ್ಯಾಯ?

ಮತವಿಲ್ಲವೆಂದು ಸುಮ್ಮನಿರಬೇಕಿಲ್ಲ. ಜರ್ಮನಿಯ ಮೂಲಶಾಸನದ 17ನೆಯ ವಿಧಿ ಸಂಸತ್ತಿಗೆ ಅರ್ಜಿ ಸಲ್ಲಿಸುವ ಹಕ್ಕನ್ನು ಪೌರತ್ವದ ಭೇದವೆಣಿಸದೆ ಎಲ್ಲರಿಗೂ ನೀಡಿದೆ. ಕೂಟದಲ್ಲಿ ಗೊಣಗುವ ಬದಲು ಆ ಅರ್ಜಿ ಬರೆಯೋಣ.